ಕೈಯಿಲ್ಲದ ಏಟು

ಕಟ್ಟು ಕೈಗೆ ಬಂದಾಗ ದೊಕ್‌ಹೀ ಅದನ್ನು ನೋಡಲಿಲ್ಲ. ಎಡಗಡೆಯವಳಿಂದ ತೆಗೆದುಕೊಳ್ಳಬೇಕು, ಬಲಗಡೆಯವಳಿಗೆ ದಾಟಿಸಬೇಕು, ಅಷ್ಟೇ ತನ್ನ ಕೆಲಸ ಎಂದು ಬೆಳಗಿನಿಂದ ಹೇಳಿಕೊಳ್ಳುತ್ತಿದ್ದಳು. ಗೇಟಿನ ಹತ್ತಿರ ನಿಂತಿದ್ದ ಕೈಗಾಡಿಯಿಂದ ಶಾಲೆಯ ಮೈದಾನದ ನಡುವಿನವರೆಗೆ ಎರಡನೇ ವರ್ಷದ ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು. ಬಿಳಿ ಕಾಲರು, ಕಿವಿಯ ಕೆಳಗೆ ಒಂದೇ ಅಳತೆಗೆ ಕತ್ತರಿಸಿದ ಕೂದಲು. ದೂರದಿಂದ ನೋಡಿದವರಿಗೆ, ಎಲ್ಲೋ ಹೊತ್ತಿಕೊಂಡ ಮನೆಗೆ ನೀರು ದಾಟಿಸುತ್ತಿದ್ದಾರೆ ಅನ್ನಿಸಬೇಕು. ನೋಡಬಾರದು ಅಂದುಕೊಂಡರೂ ಮೂಗು ಮುಚ್ಚಿಕೊಳ್ಳುವ ಹಾಗಿರಲಿಲ್ಲ, ಎರಡೂ ಕೈ ತುಂಬಿತ್ತು. ಇದ್ದಿಲುಬಿಲ್ಲೆಯ ಹೊಗೆ, ಮೀನಿನ ಸಾರು, ಹೋದ ಮಳೆಗಾಲದಿಂದ ಸರಿಯಾಗಿ ಒಣಗದೇ ಉಳಿದ ಕಾಗದದ ಹುಳಿ ವಾಸನೆ. ಆಮೇಲೆ ನೋಡಿಯೇಬಿಟ್ಟಳು. ಹುಲ್ಲಿನ ಹಗ್ಗ ಬಿಗಿದಿದ್ದ ಕಡೆ ಪುಸ್ತಕಗಳ ಅಂಚಿನ ಮೇಲೆ ನೇರಳೆ ಶಾಯಿಯ ಮೊಲದ ಮುದ್ರೆ. ಒಂದರ ಮೇಲೊಂದು ಇಪ್ಪತ್ತು ಮೊಲಗಳು, ಕಿವಿ ಅಳಿಸಿಹೋದವು ಕೆಲವು, ಕಾಲು ಮಾತ್ರ ಉಳಿದವು ಕೆಲವು.

"ನಿದ್ದೆ ಮಾಡ್ತಿದೀಯೇನೇ? ಕೊಡು ಇತ್ಲಾಗೆ," ಎಂದಳು ಬಲಗಡೆ ನಿಂತಿದ್ದ ಪಿಲ್‌ಸುನ್.

"ಇದು ಮೊಲದ ಅಂಗಡೀದು."

"ಗೊತ್ತು. ಬೆಳಗ್ಗೆಯಿಂದ ಅದೇ ಬರ್ತಾ ಇರೋದು. ಬೇರೆ ಅಂಗಡಿಯವರೆಲ್ಲ ಹರಿದಿದ್ದು ಹಳೇದು ಹತ್ತು ಹತ್ತು ಕೊಟ್ಟು ಕೈ ತೊಳ್ಕೊಂಡಿದಾರಂತೆ. ಈ ಮೊಲದ ಅಂಗಡಿಯವಳದ್ದು ಮಾತ್ರ ಒಂದೂ ಬಿಡದೆ ಗುಡಿಸಿಕೊಂಡು ಬಂದಿದಾರೆ. ಯಾರೋ ಸರಿಯಾಗಿ ಜಾಗ ತೋರಿಸಿರಬೇಕು." ಪಿಲ್‌ಸುನ್ ಕಟ್ಟನ್ನು ಸೊಂಟಕ್ಕೆ ಆನಿಸಿಕೊಂಡು ಮುಂದಿನವಳಿಗೆ ತಳ್ಳಿದಳು. "ನನಗೇನೂ ಬೇಜಾರಿಲ್ಲಪ್ಪ. ಪುಟದ ಮೇಲೆ ಸಾರು ಚೆಲ್ಲಿದೆ ಅಂತ ಕಿವಿ ಹಿಡಿದು ಹೊರಗೆ ಹಾಕಿದ್ಲಲ್ಲ ನನ್ನ. ಈಗ ನೋಡು, ಸಾರೇ ಇದೆ, ಪುಟ ಇಲ್ಲ."

ಹಿಂದಿನವಳು ಕಿಸಕ್ಕನೆ ನಕ್ಕಳು. ದೊಕ್‌ಹೀಯೂ ನಕ್ಕಳು. ನಗದಿದ್ದರೆ ಯಾಕೆ ನಗಲಿಲ್ಲ ಎಂದು ಕೇಳುತ್ತಾರೆ. ನಕ್ಕಾದ ಮೇಲೆ ಬಾಯಿಯ ಎರಡೂ ಕೊನೆ ಹಾಗೆಯೇ ಉಳಿದವು, ಅವುಗಳನ್ನು ಎಲ್ಲಿಗೆ ವಾಪಸು ಇಡಬೇಕೋ ತಿಳಿಯಲಿಲ್ಲ. ಮುಂದಿನ ಕಟ್ಟು ಬಂತು. ಅದರಲ್ಲೂ ಮೊಲ.

ಮೂರು ವಾರದ ಹಿಂದೆ ಇದೇ ಮೈದಾನದಲ್ಲಿ ಅವಳು ಗಾಯಾಳುವಾಗಿದ್ದಳು. ಕವಾಯತಿನ ತರಗತಿಯಲ್ಲಿ ಯುದ್ಧ ಬಂದಿತ್ತು, ಎಂದಿನ ಹಾಗೆ ಗುರುವಾರ ಮೂರನೇ ಪೀರಿಯಡ್ಡಿಗೆ. ಅರ್ಧ ತರಗತಿ ದಾದಿಯರು, ಅರ್ಧ ತರಗತಿ ಗಾಯಾಳುಗಳು. ಅವಳ ತಲೆಗೂ ಬಲಗಣ್ಣಿಗೂ ಮುಕ್ಕೋನದ ಬಟ್ಟೆ ಸುತ್ತಿ, ಡೋಲಿಯ ಮೇಲೆ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ಸಾಲಿನ ಕೊನೆಯಲ್ಲಿ ಬಿಟ್ಟಿದ್ದರು. ಕಂಬಳಿಯೊಳಗೆ ಬಿಸಿಲು ಕಂದುಬಣ್ಣವಾಗಿ ಇಳಿಯುತ್ತಿತ್ತು. ಪೋಲ್ಕದೊಳಗಿನಿಂದ ಚಿತ್ರಕಥೆಯೊಂದರ ಐದನೇ ಭಾಗವನ್ನು ತೆಗೆದು ಉಳಿದ ಒಂದು ಕಣ್ಣಿನಿಂದ ಓದುತ್ತಿದ್ದಳು. ಒಂದೇ ಕಣ್ಣಿನಲ್ಲಿ ನೋಡಿದರೆ ಚಿತ್ರಗಳು ಇನ್ನಷ್ಟು ಚಪ್ಪಟೆಯಾಗಿ, ಇನ್ನಷ್ಟು ನಿಜವಾಗಿ ಕಾಣುತ್ತವೆ ಎಂದು ಅವತ್ತು ಗೊತ್ತಾಯಿತು. ಅದನ್ನು ಯಾರಿಗಾದರೂ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಕಂಬಳಿ ಮೇಲಕ್ಕೆ ಹೋಯಿತು. "ಸತ್ತವಳು ಪುಟ ತಿರುಗಿಸ್ತಾ ಇದಾಳಲ್ಲ," ಎಂದರು ಕವಾಯತು ಮೇಷ್ಟ್ರು. ಇಡೀ ಮೈದಾನ ನಕ್ಕಿತು, ಗಾಯಾಳುಗಳೂ ಎದ್ದು ಕೂತು ನಕ್ಕರು. ಪುಸ್ತಕವನ್ನು ಅವಳ ತಲೆಯ ಬ್ಯಾಂಡೇಜಿಗೇ ಸಿಕ್ಕಿಸಿ ಶಿಕ್ಷಕರ ಕೋಣೆಯವರೆಗೆ ನಡೆಸಿದರು. ಹದಿನೈದು ಹಾಳೆ ಪಶ್ಚಾತ್ತಾಪ ಪತ್ರ, ನಾಳೆ ಬೆಳಗ್ಗೆಯೊಳಗೆ, ಎಂದು ತೀರ್ಮಾನವಾಯಿತು.

ಪಶ್ಚಾತ್ತಾಪ ಪತ್ರ ಬರೆಯದೆ ಆ ಶಾಲೆಯಿಂದ ಹೊರಬಿದ್ದವರಿಲ್ಲ. ಕಾಲುಚೀಲದ ಬಣ್ಣ ತಪ್ಪಿದ್ದಕ್ಕೆ ಮೂರು ಹಾಳೆ, ಊಟದ ಡಬ್ಬಿಯನ್ನು ಎರಡನೇ ಪೀರಿಯಡ್ಡಿನಲ್ಲೇ ತೆರೆದದ್ದಕ್ಕೆ ಐದು. ಅದರಲ್ಲಿ ಪಿಲ್‌ಸುನ್‌ಳದು ಎತ್ತಿದ ಕೈ. "ನಾನೆಂಬುವಳು ವಿದ್ಯಾರ್ಥಿನಿಯ ಕರ್ತವ್ಯವನ್ನು ಮರೆತು, ಅಂತ ಶುರುಮಾಡು," ಎಂದು ಹೇಳಿಕೊಟ್ಟಿದ್ದಳು. "ಮಧ್ಯದಲ್ಲಿ ಅಪ್ಪ ಅಮ್ಮನ ಬೆವರು ಹಾಕು. ಕೊನೇಲಿ ದೇಶ ಹಾಕು. ಸಾಲದೇ ಬಂದ್ರೆ ಬೆವರನ್ನ ಇನ್ನೊಂದ್ಸಲ ಹಾಕು. ಯಾರೂ ಓದಲ್ಲ ಕಣೇ, ಹಾಳೆ ಎಣಿಸ್ತಾರೆ ಅಷ್ಟೆ." ದೊಕ್‌ಹೀ ಮನೆಗೆ ಹೋಗಿ ಕೂತು ಹಾಗೆಯೇ ಬರೆದಳು. ಒಂದು ಹಾಳೆಯಲ್ಲಿ ಇನ್ನೂರು ಚೌಕ, ಒಂದು ಚೌಕಕ್ಕೆ ಒಂದು ಅಕ್ಷರ. ಕರ್ತವ್ಯ, ಬೆವರು, ದೇಶ ಎಲ್ಲ ಸೇರಿ ಎರಡೂವರೆ ಹಾಳೆಗೆ ಮುಗಿದುಹೋದವು. ಇನ್ನೊಂದು ಸಲ ಬೆವರು ಹಾಕಲು ಹೊರಟವಳಿಗೆ ಯಾಕೋ ಕೈ ಬರಲಿಲ್ಲ. ಮುಂದೆ ಖಾಲಿ ಚೌಕಗಳು, ಒಂದರ ಪಕ್ಕ ಒಂದು, ಚಿತ್ರ ಬರೆಯುವ ಮುಂಚಿನ ಚಿತ್ರಕಥೆಯ ಪುಟದ ಹಾಗೆ. ಆಗ ಅವಳು ಆ ತಪ್ಪು ಮಾಡಿದಳು: ಪಶ್ಚಾತ್ತಾಪ ಪತ್ರದಲ್ಲಿ ನಿಜ ಬರೆಯತೊಡಗಿದಳು.

ಐದನೇ ಭಾಗದ ನಲವತ್ತೊಂದನೆಯ ಪುಟದಲ್ಲಿ ಒಂದು ಚಿತ್ರವಿತ್ತು. ಕಥೆ ಯಾವುದೋ ಹಿಮದ ನಾಡಿನದು; ತಾಯಿಯಿಲ್ಲದ ಹುಡುಗಿಯೊಬ್ಬಳು ಹೆಪ್ಪುಗಟ್ಟಿದ ಕೆರೆಯ ಪಕ್ಕದ ಮನೆಯಲ್ಲಿ ಸೋದರತ್ತೆಯ ಜೊತೆ ಇರುತ್ತಾಳೆ. ಆ ಚಿತ್ರದಲ್ಲಿ ಅತ್ತೆ ಅವಳ ಕೆನ್ನೆಗೆ ಹೊಡೆಯುತ್ತಾಳೆ. ಆದರೆ ದೊಡ್ಡವರು ಮಕ್ಕಳನ್ನು ಹೊಡೆಯುವುದನ್ನು ತೋರಿಸಬಾರದೆಂದು ಸರ್ಕಾರದ ಪರಿಶೀಲನೆಯವರು ಹೇಳಿರಬೇಕು, ಚಿತ್ರ ಬರೆದವರು ಬ್ಲೇಡಿನಿಂದ ಕೈಯನ್ನು ಕೆರೆದು ತೆಗೆದಿದ್ದರು. ಅತ್ತೆ ಸುಮ್ಮನೆ ನಿಂತಿದ್ದಾಳೆ, ತೋಳು ಮೊಣಕೈಗೆ ಮುಗಿಯುತ್ತದೆ. ಹುಡುಗಿಯ ಮುಖ ಮಾತ್ರ ಒಂದು ಕಡೆಗೆ ತಿರುಗಿದೆ, ಕೂದಲು ಹಾರಿದೆ. ಇಬ್ಬರ ನಡುವೆ ಬಿಳಿ. ಆ ಬಿಳಿಯ ಬಗ್ಗೆ ದೊಕ್‌ಹೀ ನಾಲ್ಕು ಹಾಳೆ ಬರೆದಳು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಕಾಗದ ಅಲ್ಲಿ ಬೇರೆ ಕಡೆಗಿಂತ ತಣ್ಣಗಿತ್ತು, ಎಂದು ಬರೆದಳು. ಕೈಯನ್ನು ಬರೆದಿದ್ದರೆ ಅದು ಅತ್ತೆಯ ಕೈ ಮಾತ್ರ ಆಗಿರುತ್ತಿತ್ತು, ಎಂದು ಬರೆದಳು. ನಮ್ಮ ಮನೆಯಲ್ಲೂ ಕೈ ಕಾಣಿಸುವುದಿಲ್ಲ, ಅಮ್ಮನ ಮುಖ ತಿರುಗಿರುತ್ತದೆ ಅಷ್ಟೆ, ಎಂದು ಬರೆದು ಅದನ್ನು ಹೊಡೆದುಹಾಕಬೇಕೆಂದುಕೊಂಡು ಹಾಕಲಿಲ್ಲ. ಗೋಡೆಯ ಆಚೆ ಅಪ್ಪ ಕೆಮ್ಮುತ್ತ ರೇಡಿಯೊ ತಿರುಗಿಸುತ್ತಿದ್ದ. ಅವಳಿಗೆ ಜ್ವರ ಬಂದವರ ಹಾಗೆ ಮೈ ಬಿಸಿಯಾಗಿತ್ತು. ಇಷ್ಟು ದಿನ ನೂರಾರು ಪುಸ್ತಕ ಓದಿದ್ದಳು, ಓದಿದ್ದು ಒಳಗೆಲ್ಲೋ ಬಿದ್ದಿರುತ್ತದೆ ಎಂದು ಗೊತ್ತಿರಲಿಲ್ಲ. ಈಗ ಚೌಕಚೌಕವಾಗಿ ಎದ್ದು ಬರುತ್ತಿತ್ತು. ಹತ್ತನೆಯ ಹಾಳೆಯಲ್ಲಿ ಮೊಲದ ಅಂಗಡಿ ಬಂತು, ಅಂಗಡಿಯ ಹಿಂದೆ ಚಿಕ್ಕಮ್ಮ ಬಂದಳು.

ಅವಳು ಯಾರ ಚಿಕ್ಕಮ್ಮನೂ ಅಲ್ಲ. ಗೊಕ್‌ಸೊಂಗ್ ಕಡೆಯಿಂದ ಮದುವೆಯಾಗಿ ಬಂದವಳಾದ್ದರಿಂದ ಬೀದಿಯ ಹೆಂಗಸರು ಗೊಕ್‌ಸೊಂಗ್‌ನವಳು ಅನ್ನುತ್ತಿದ್ದರು, ಓದಲು ಬರುವವರು ಚಿಕ್ಕಮ್ಮ ಅನ್ನುತ್ತಿದ್ದರು. ಗಂಡ ಕಡಲಿನಲ್ಲಿ ಹೋದ ಮೇಲೆ ಅವನು ಹಾಕಿಟ್ಟ, ಚಿತ್ರಕಥೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯನ್ನು ನಡೆಸುತ್ತಿದ್ದಳು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಮುಖ ತೋರಿಸಿ ನಿಂತ ಪುಸ್ತಕಗಳು, ಬೀಳದಂತೆ ಅಡ್ಡಡ್ಡ ಎಳೆದು ಕಟ್ಟಿದ ಕಪ್ಪು ರಬ್ಬರು ಪಟ್ಟಿ. ಬೆಂಚಿನ ಮೇಲೆ ಕೂತು ಎಷ್ಟು ಹೊತ್ತು ಬೇಕಾದರೂ ಓದಬಹುದು, ಒಲೆಯ ಮೇಲೆ ಕುದಿಯುವ ಸಾರು ಕುಡಿಯಬಹುದು. ಚಿತ್ರದ ಗುರುತು ಹೇಳಿ ಯಾವ ಪುಸ್ತಕ ಕೇಳಿದರೂ ತಿರುಗಿ ನೋಡದೆ ತೆಗೆದುಕೊಡುತ್ತಿದ್ದಳು, ಹೆಸರು ಹೇಳಿದರೆ ಮಾತ್ರ ಸ್ವಲ್ಪ ತಡೆದು, "ಯಾವುದೇ ಅದು, ಮುಖಪುಟದಲ್ಲಿ ಏನಿದೆ?" ಎಂದು ಕೇಳುತ್ತಿದ್ದಳು. ಒಂದು ಶನಿವಾರ ಸೈನ್ಯದಲ್ಲಿದ್ದ ಅವಳ ಮಗನಿಂದ ಕಾಗದ ಬಂತು. ಕನ್ನಡಕ ಒಡೆದುಹೋಗಿದೆ, ಸ್ವಲ್ಪ ಓದು ಎಂದು ದೊಕ್‌ಹೀಗೆ ಕೊಟ್ಟಳು. ಎರಡನೆಯ ಕಾಗದಕ್ಕೂ ಕನ್ನಡಕ ಒಡೆದೇ ಇತ್ತು. ಮೂರನೆಯದಕ್ಕೆ ಸುಮ್ಮನೆ ಕೊಟ್ಟಳು, ಕನ್ನಡಕದ ಮಾತೆತ್ತಲಿಲ್ಲ. ಓದಿ ಮುಗಿದ ಮೇಲೆ ಸಾರಿನ ಪಾತ್ರೆಯ ಕಡೆ ನೋಡುತ್ತ, "ಅವನಿಗೂ ಗೊತ್ತಿಲ್ಲ," ಎಂದಳು. "ಅಮ್ಮನೇ ಓದ್ತಾಳೆ ಅಂದ್ಕೊಂಡಿದಾನೆ. ನೀನು ಬಾಯಿ ಬಿಡಬೇಡ." ದೊಕ್‌ಹೀ ಇಲ್ಲ ಎಂದು ತಲೆಯಾಡಿಸಿದ್ದಳು. ಮಗನಿಗೆ ಉತ್ತರವನ್ನೂ ಅವಳೇ ಬರೆಯುತ್ತ ಬಂದಳು. ಅಮ್ಮನ ಅಕ್ಷರ ಚೆನ್ನಾಗಿದೆ ಎಂದು ಅವನು ಒಮ್ಮೆ ಬರೆದಿದ್ದ, ಅದನ್ನು ಓದುವಾಗ ಇಬ್ಬರೂ ಬಹಳ ಹೊತ್ತು ನಕ್ಕಿದ್ದರು.

ಆಮೇಲಿನ ಶನಿವಾರಗಳಲ್ಲಿ, ಉಳಿದವರು ಹೋದ ಮೇಲೆ, ದೊಕ್‌ಹೀ ಹಿಮದ ನಾಡಿನ ಕಥೆಯನ್ನು ಅವಳಿಗೆ ಓದಿ ಹೇಳುತ್ತಿದ್ದಳು. ಚಿಕ್ಕಮ್ಮ ಮೂಲಂಗಿ ಹೆಚ್ಚುತ್ತ ಕೇಳುತ್ತಿದ್ದಳು, ನಡುನಡುವೆ ಬಗ್ಗಿ ಚಿತ್ರ ನೋಡುತ್ತಿದ್ದಳು. ನಲವತ್ತೊಂದನೆಯ ಪುಟಕ್ಕೆ ಬಂದಾಗ ಅವಳೇ ತಡೆದಳು. "ನಿಲ್ಲು. ಯಾರೋ ಕರೆದರು ಇವಳನ್ನ."

"ಕರೆದದ್ದಲ್ಲ ಚಿಕ್ಕಮ್ಮ. ಹೊಡೆದದ್ದು. ಕೈ ಅಳಿಸಿದಾರೆ."

"ಎಲ್ಲಿದೆ ಕೈ? ನೀನು ಇಲ್ಲದ್ದು ಓದಬೇಡ. ಹಿಂದಿನಿಂದ ಯಾರೋ ಕರೆದಿದಾರೆ, ಅದಕ್ಕೇ ತಿರುಗಿದಾಳೆ. ಕೂದಲು ಹೀಗೆ ಹಾರೋ ಹಾಗೆ ತಿರುಗಬೇಕಾದ್ರೆ ಬೇಕಾದವರೇ ಕರೆದಿರಬೇಕು. ಅವರ ಅಮ್ಮನೇ ಇರಬೇಕು."

"ಅಮ್ಮ ಸತ್ತುಹೋಗಿದಾಳಲ್ಲ, ಮೊದಲನೇ ಭಾಗದಲ್ಲೇ."

"ಸತ್ತವರು ಕರೆಯಲ್ವಾ? ನಿನಗೇನು ಗೊತ್ತು, ಮೂಲಂಗಿ ತಿನ್ನು," ಎಂದು ಒಂದು ಹೋಳು ಅವಳ ಬಾಯಿಗೆ ತುರುಕಿದ್ದಳು.

ಇದನ್ನೂ ದೊಕ್‌ಹೀ ಬರೆದಳು. ಬಾಯಲ್ಲಿ ಮೂಲಂಗಿ ಕರಕರ ಅನ್ನುತ್ತಿರುವಾಗ ಆ ಬಿಳಿ ಜಾಗ ಹೇಗೆ ಬದಲಾಯಿತು, ಅಲ್ಲಿದ್ದ ಏಟು ಹೇಗೆ ಒಂದು ಕ್ಷಣ ಕರೆಯಾಗಿಬಿಟ್ಟಿತು ಎಂದು ಬರೆದಳು. ಕೊನೆಯ ಹಾಳೆ ತುಂಬುವಾಗ ಒಂದು ವಾಕ್ಯ ತಾನಾಗಿ ಬಂತು: ಅಕ್ಷರ ಬಾರದ ಆಕೆ ನನಗಿಂತ ಚೆನ್ನಾಗಿ ಓದುತ್ತಾಳೆ. ಬಾಯಿ ಬಿಡಬೇಡ ಎಂದದ್ದು ಅವಳಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲವೆ? ಈ ಪ್ರಶ್ನೆಯನ್ನು ಮೂರು ವಾರದಲ್ಲಿ ಅವಳು ಎಷ್ಟೋ ಸಲ ಕೇಳಿಕೊಂಡಿದ್ದಳು. ನೆನಪಾಗಿತ್ತು. ನೆನಪಾಗಿ, ಯಾರೂ ಓದುವುದಿಲ್ಲ ಅಂದುಕೊಂಡಳು. ಅದೂ ಪೂರ್ತಿ ನಿಜವಲ್ಲ. ವಾಕ್ಯ ಚೆನ್ನಾಗಿತ್ತು, ಅದನ್ನು ತೆಗೆಯಲು ಮನಸ್ಸು ಬರಲಿಲ್ಲ.

ಮಾ ಮೇಷ್ಟ್ರು ಓದಿದರು. ಅವರು ತರಗತಿಯ ಮೇಷ್ಟ್ರು, ಭಾಷೆ ಹೇಳಿಕೊಡುವವರು, ಚಳಿಗಾಲ ಬೇಸಿಗೆ ಎನ್ನದೆ ಒಂದೇ ಕಂದು ಕೋಟು. ಶಿಕ್ಷಕರ ಕೋಣೆಗೆ ಕರೆಸಿ ಹದಿನೈದು ಹಾಳೆಯನ್ನು ಮೇಜಿನ ಮೇಲೆ ಹರಡಿ, ಕಾಗುಣಿತದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದನ್ನು ತೋರಿಸಿದರು. ಕೊನೆಯ ಹಾಳೆಯ ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದರು. "ಇದು ಪಶ್ಚಾತ್ತಾಪ ಪತ್ರ ಅಲ್ಲ, ಗೊತ್ತಲ್ಲ ನಿನಗೆ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು, ಅಥವಾ ಇದ್ದಿಲು ಒಲೆಯ ಹೊಗೆ ಇರಬಹುದು. "ಇರಲಿ. ಶಿಸ್ತಿನ ಸಮಿತಿಯವರು ಕೇಳ್ತಾ ಇದಾರೆ, ಕೊಡ್ತೀನಿ." ಅವರು ಕೇಳುತ್ತಿದ್ದದ್ದು ಏನನ್ನು ಎಂದು ದೊಕ್‌ಹೀ ವಿಚಾರಿಸಲಿಲ್ಲ. ಎರಡು ಕೆಂಪು ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಅವತ್ತು ಅವಳಿಗೆ ಖುಷಿಯಾಗಿತ್ತು, ಇದನ್ನು ಅಲ್ಲಗಳೆದು ಉಪಯೋಗವಿಲ್ಲ. ಬಂದರಿನಿಂದ ಬೀಸುವ ಕೆಸರು ವಾಸನೆಯ ಗಾಳಿ ಕೂಡ ಅವತ್ತು ಚೆನ್ನಾಗಿತ್ತು.

"ಪ್ಯೊ ದೊಕ್‌ಹೀ, ಮುಂದೆ ಬಾ," ಎಂದು ಧ್ವನಿವರ್ಧಕ ಕೂಗಿತು.

ಕಟ್ಟುಗಳು ಮುಗಿದು ಮೈದಾನದ ನಡುವೆ ಆಳೆತ್ತರದ ರಾಶಿ ನಿಂತಿತ್ತು. ಮಕ್ಕಳ ದಿನಾಚರಣೆಗೆ ಇನ್ನು ಎರಡು ದಿನ, ಅದಕ್ಕಾಗಿಯೇ ಈ ಸುಡುವ ಕಾರ್ಯಕ್ರಮ. ಮುಖ್ಯೋಪಾಧ್ಯಾಯರು ಮಕ್ಕಳೆಂದರೆ ಸಸಿಗಳು, ಈ ಪುಸ್ತಕಗಳು ಹುಳ ಎಂದು ಹೇಳಿ ಮುಗಿಸಿದ್ದರು. ಈಗ ವಿದ್ಯಾರ್ಥಿನಿಯರ ಪರವಾಗಿ ಪ್ರತಿಜ್ಞೆ ಓದಬೇಕು. ಅದನ್ನು ದೊಕ್‌ಹೀ ಓದಬೇಕೆಂದು ಮಾ ಮೇಷ್ಟ್ರು ಗೊತ್ತುಮಾಡಿದ್ದರು. ತಪ್ಪು ಮಾಡಿ ತಿದ್ದಿಕೊಂಡವಳು ಓದಿದರೆ ತೂಕ ಜಾಸ್ತಿ. ಬರೆಯುವುದನ್ನೂ ಅವಳಿಗೇ ಬಿಟ್ಟಿದ್ದರು. ಕಟ್ಟೆ ಹತ್ತಿ ನಿಂತು ಬಲಗೈ ಮುಷ್ಟಿ ಎತ್ತಿದಳು. ಇಂಥ ಪ್ರತಿಜ್ಞೆಗಳಲ್ಲಿ ಎರಡು ಮೂರು ಎಂಬುದಿಲ್ಲ, ಪ್ರತಿ ಸಾಲೂ 'ಒಂದು' ಎಂದೇ ಶುರು.

"ಒಂದು, ನಮ್ಮ ಮನಸ್ಸನ್ನು ಕೆಡಿಸುವ ಚಿತ್ರಕಥೆಗಳನ್ನು ನಾವು ಇಂದಿನಿಂದ ಮುಟ್ಟುವುದಿಲ್ಲ."

ಮುಟ್ಟುವುದಿಲ್ಲ, ಎಂದು ಎಂಟುನೂರು ಹುಡುಗಿಯರು ಹೇಳಿದರು.

"ಒಂದು, ಅವುಗಳನ್ನು ಇಟ್ಟು ಓದಿಸುವ ಕತ್ತಲ ಮೂಲೆಗಳ ಕಡೆ ನಾವು ಮುಖ ತಿರುಗಿಸುವುದಿಲ್ಲ."

ಮುಖ ತಿರುಗಿಸುವುದಿಲ್ಲ. ನಿನ್ನೆ ಇದನ್ನು ಬರೆಯುವಾಗ ಮೊದಲು 'ಕೆಟ್ಟ ಅಂಗಡಿಗಳು' ಎಂದು ಹಾಕಿ, ಕೇಳಲು ಸಪ್ಪೆ ಅನ್ನಿಸಿ 'ಕತ್ತಲ ಮೂಲೆಗಳು' ಎಂದು ಮಾಡಿದ್ದಳು. ಈಗ ಅದು ಧ್ವನಿವರ್ಧಕದಿಂದ ಹೊರಟು ಗೋಡೆಗೆ ತಾಗಿ ವಾಪಸು ಬಂದಾಗ, ಮಾಡಿದ್ದು ಒಳ್ಳೆಯದಾಯಿತು ಎಂದು ಅವಳೊಳಗೆ ಯಾರೋ ಮೆಚ್ಚಿಕೊಂಡರು. ಆ ಯಾರೋ ಎಂಥವಳು ಎಂದು ಅವಳಿಗೆ ಆಗ ಮೊದಲ ಸಲ ಭಯವಾಯಿತು.

ಸೀಮೆಎಣ್ಣೆ ಸುರಿದು ಹಚ್ಚಿದರು. ಮೊದಮೊದಲು ಹೊಗೆ ಮಾತ್ರ ಬಂತು, ಕಾಗದ ಅಷ್ಟು ತೇವ ಹಿಡಿದಿತ್ತು. ಕಚೇರಿಯ ಜವಾನ ಕಂಬಿಯಿಂದ ಕೆದಕಿದ. ಆಮೇಲೆ ಮುಖಪುಟಗಳ ಬಣ್ಣಕ್ಕೆ ಬೆಂಕಿ ಹಸಿರಾಯಿತು, ನೀಲಿಯಾಯಿತು, ಮುಂದಿನ ಸಾಲಿನ ಚಿಕ್ಕ ಹುಡುಗಿಯರು ಚೆನ್ನಾಗಿದೆ ಎಂದು ಪಿಸುಗುಟ್ಟಿ ಬೈಸಿಕೊಂಡರು. ಪುಸ್ತಕಗಳು ಯಾರೋ ಅವಸರದಲ್ಲಿ ಓದುತ್ತಿದ್ದಾರೆ ಅನ್ನುವ ಹಾಗೆ ಒಂದೊಂದೇ ಪುಟ ತಿರುಗಿಸಿಕೊಂಡು ಉರಿದವು. ದೊಕ್‌ಹೀ ಕಟ್ಟೆಯ ಮೇಲೆಯೇ ನಿಂತಿದ್ದಳು, ಇಳಿ ಎಂದು ಯಾರೂ ಹೇಳಿರಲಿಲ್ಲ. ಊರಿನ ಎಲ್ಲ ಅಂಗಡಿಗೂ ಹೋಗಿರುತ್ತಾರೆ, ಮೊಲದ ಅಂಗಡಿಗೂ ಹೋಗಿರುತ್ತಾರೆ ಎಂದು, ಅಂಗಡಿಗಳ ಶೋಧವಾದ ಬುಧವಾರದಿಂದ ಕಟ್ಟಿಕೊಂಡು ಬಂದ ಸಮಾಧಾನಕ್ಕೆ ಇನ್ನೂ ಜೋತುಬಿದ್ದಿದ್ದಳು. ಪಿಲ್‌ಸುನ್‌ ಮಾತು ಪಿಲ್‌ಸುನ್‌ ಮಾತು, ಅವಳಿಗೇನು ಗೊತ್ತು.

ಮುಗಿದ ಮೇಲೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಮಾ ಮೇಷ್ಟ್ರು ಬಂದರು. ಕೋಟಿನ ಒಳಗಿನಿಂದ ಕಂದು ಲಕೋಟೆ ತೆಗೆದು ಅತ್ತಿತ್ತ ನೋಡಿ ಕೊಟ್ಟರು.

"ನಿನ್ನ ಹಾಳೆಗಳು. ಕಡತದಲ್ಲಿ ಇರಬೇಕಾದದ್ದು, ತೆಗೆದುಬಿಟ್ಟೆ. ಇಟ್ಕೋ. ಮುಂದೆ ಯಾವತ್ತಾದರೂ ಇದನ್ನ ಚೆನ್ನಾಗಿ ಬರಿ. ಚಿತ್ರಕಥೆ ಅನ್ನೋ ಕಡೆ ಯಾವುದಾದರೂ ಕಾದಂಬರಿ ಅಂತ ಹಾಕಿದ್ರೆ ಸ್ಪರ್ಧೆಗೇ ಕಳಿಸಬಹುದು."

"ಮೇಷ್ಟ್ರೇ," ಎಂದಳು. ನೀರು ಗಲ್ಲದಿಂದ ಕಾಲರಿನೊಳಗೆ ಇಳಿಯುತ್ತಿತ್ತು. "ಆ ಅಂಗಡಿ ಎಲ್ಲಿದೆ ಅಂತ ನೀವು ಹೇಳಿದ್ರಾ?"

ಮಾ ಮೇಷ್ಟ್ರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಾನೇನು ಹೇಳಲಿ? ನಾನು ನೋಡೇ ಇಲ್ಲ ಅದನ್ನ. ಮಂಜುಗಡ್ಡೆ ಕಾರ್ಖಾನೆ ಹಿಂದಿನ ಓಣಿ, ತಲೆ ಬಗ್ಗಿಸಿ ಹೋಗೋ ಬಾಗಿಲು, ಒಳಗಿನ ಕೋಣೇಲಿ ಕಂಬಳಿ ಮರೆಯಲ್ಲಿ ಇನ್ನೊಂದು ಗೋಡೆ ಪುಸ್ತಕ, ಎಲ್ಲ ನೀನೇ ಬರೆದಿದೀಯಲ್ಲ. ಅಷ್ಟು ಚೆನ್ನಾಗಿ ಬರೆದರೆ ಕಣ್ಣಿಲ್ಲದವನೂ ಹೋಗಿ ಬಾಗಿಲು ತಟ್ತಾನೆ." ಹೊಗಳಿದ್ದು ಎಂದು ಅವರಿಗೆ ಅನ್ನಿಸಿರಬೇಕು, ಹೇಳಿಯಾದ ಮೇಲೆ ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡವರಂತೆ ಮುಖ ಸಣ್ಣದು ಮಾಡಿಕೊಂಡು, ಕೋಟಿನ ಗುಂಡಿ ಹಾಕುತ್ತ ಹೊರಟುಹೋದರು.

ಗುಡ್ಡ ಇಳಿಯುವಾಗ ಪಿಲ್‌ಸುನ್ ಜೊತೆಯಾದಳು, ಯಾವುದೋ ಸಿನಿಮಾದ ಕಥೆ ಹೇಳಿದಳು, ರೊಟ್ಟಿ ಅಂಗಡಿಗೆ ಬರ್ತೀಯಾ ಎಂದು ಕೇಳಿದಳು. ಹೊಟ್ಟೆನೋವು ಎಂದು ದೊಕ್‌ಹೀ ಹೇಳಿದಳು. ಬಗಲಿನಲ್ಲಿ ಚೀಲ, ಚೀಲದಲ್ಲಿ ಲಕೋಟೆ. ಅದನ್ನು ಕಾಲುವೆಗೆ ಎಸೆಯಬಹುದಿತ್ತು. ಸೇತುವೆಯ ಮೇಲೆ ನಿಂತಳು ಕೂಡ. ಕಡಲ ಇಳಿತದ ಹೊತ್ತು, ಕಾಲುವೆಯಲ್ಲಿ ನೀರಿರಲಿಲ್ಲ, ಬೂದುಬಣ್ಣದ ಕೆಸರು ಮಾತ್ರ ಹೊಳೆಯುತ್ತಿತ್ತು. ಎಸೆದರೆ ಮುಳುಗುವುದಿಲ್ಲ, ಎಲ್ಲರಿಗೂ ಕಾಣುವ ಹಾಗೆ ಬಿದ್ದಿರುತ್ತದೆ. ಅದಕ್ಕಾಗಿ ಎಸೆಯಲಿಲ್ಲ ಎಂದು ಹೇಳಿಕೊಂಡಳು. ನಿಜವಾದ ಕಾರಣ ಬೇರೆ. ನಡೆಯುತ್ತ ನಡೆಯುತ್ತ ಅವಳಿಗೊಂದು ಆಸೆ ಹುಟ್ಟಿತ್ತು. ಚಿಕ್ಕಮ್ಮನಿಗೆ ಎಲ್ಲ ಹೇಳಿಬಿಡಬೇಕು. ಹೇಳಿ, ಈ ಹಾಳೆಗಳನ್ನು ಓದಬೇಕು. ಮೂಲಂಗಿಯ ಭಾಗ, ಸತ್ತವರು ಕರೆಯಲ್ವಾ ಅನ್ನುವ ಭಾಗ, ಕೊನೆಯ ವಾಕ್ಯ. ಕೇಳಿದ ಮೇಲೆ ಅವಳು ಬೈಯಬಹುದು, ಹೊಡೆಯಲೂಬಹುದು, ಆದರೆ ಇವಳು ನನ್ನನ್ನು ಇಷ್ಟು ಹತ್ತಿರದಿಂದ ನೋಡಿದ್ದಳೇ ಎಂದು ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ಮತ್ತೆ ಆ ಬೆಂಚಿನ ಮೇಲೆ ಕೂರಬಹುದು. ಪುಸ್ತಕವಿಲ್ಲದಿದ್ದರೂ ಕೂರಬಹುದು. ಆ ಬೆಂಚು ಬಿಟ್ಟರೆ ಕೂರಲು ಅವಳಿಗೆ ಊರಿನಲ್ಲಿ ಬೇರೆ ಜಾಗವಿರಲಿಲ್ಲ.

ಬಾಗಿಲು ತೆರೆದೇ ಇತ್ತು. ತಲೆ ಬಗ್ಗಿಸಿ ಒಳಗೆ ಹೋದಳು. ಅಂಗಡಿ ಎಷ್ಟು ಚಿಕ್ಕದೆಂದು ಆಗ ಕಂಡಿತು. ಹಲಗೆಗಳ ಮೇಲೆ ಏನೂ ಇರಲಿಲ್ಲ. ಕಪ್ಪು ರಬ್ಬರು ಪಟ್ಟಿಗಳು ಮಾತ್ರ ಬಿಗಿಯಾಗಿ ಗೋಡೆಯ ಸುಣ್ಣವನ್ನು ಹಿಡಿದುಕೊಂಡಿದ್ದವು. ಒಲೆ ಆರಿತ್ತು. ಚಿಕ್ಕಮ್ಮ ಕುರ್ಚಿಯ ಮೇಲೆ ಹತ್ತಿ ನಿಂತು ಮೇಲಿನ ಹಲಗೆ ಒರೆಸುತ್ತಿದ್ದಳು.

"ಬಾಗಿಲು ಮುಂದೆ ಮಾಡು, ನೊಣ ಬರುತ್ತೆ," ಎಂದಳು ತಿರುಗದೆ. "ನಿನ್ನ ಮೈಯಿಂದ ಹೊಗೆ ವಾಸನೆ ಬರ್ತಾ ಇದೆ. ಚೆನ್ನಾಗಿ ಉರೀತಾ?"

"ಹೂಂ."

"ಉರಿಯಲ್ಲ ಅಂದ್ಕೊಂಡಿದ್ದೆ. ಕೆಳಗಿನ ಸಾಲಿನವೆಲ್ಲ ಒದ್ದೆ." ಬಟ್ಟೆಯನ್ನು ಮಡಿಸಿ ಇನ್ನೊಂದು ಮಗ್ಗುಲಿನಿಂದ ಒರೆಸತೊಡಗಿದಳು. "ಬುಧವಾರ ಬಂದ್ರು. ನಾಲ್ಕು ಜನ. ನೇರವಾಗಿ ಒಳಗಿನ ಕೋಣೆಗೇ ಹೋಗಿ ಕಂಬಳಿ ಎತ್ತಿದ್ರು, ಅವರ ಮನೇನೇ ಅನ್ನೋ ಹಾಗೆ. ಮಂಜುಗಡ್ಡೆ ಕಾರ್ಖಾನೆಯವರು, ತೊಫು ಮಾಡೋವಳು, ಬೀದಿಗೆ ಬೀದಿನೇ ಬಾಗಿಲಲ್ಲಿ ನಿಂತಿತ್ತು."

ದೊಕ್‌ಹೀ ಬಾಯಿ ತೆರೆದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಅಲ್ಲಿಯೇ ಇದ್ದವು, ಆದರೆ ಹೊರಗೆ ಬಂದದ್ದು ಅವುಗಳಲ್ಲ. "ಪಿಲ್‌ಸುನ್‌ಗೆ ನಿಮ್ಮ ಮೇಲೆ ಸಿಟ್ಟಿತ್ತು," ಎಂದಳು. ತನ್ನ ಧ್ವನಿ ತನಗೇ ಕೇಳಿಸಿತು, ಸರಾಗವಾಗಿತ್ತು, ಕಟ್ಟೆಯ ಮೇಲೆ ಓದಿದಂತೆಯೇ. "ಅವಳೇನಾದ್ರೂ..."

ಚಿಕ್ಕಮ್ಮ ಕುರ್ಚಿಯಿಂದ ಇಳಿದಳು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಗೋಡೆ ಹಿಡಿದು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು.

"ಎಲ್ಲ ಗಾಡಿಗೆ ಹಾಕಿದ ಮೇಲೆ ಕಾಗದಕ್ಕೆ ಸಹಿ ಮಾಡಬೇಕು ಅಂದ್ರು. ನಾನು ಎಂದಿನ ಹಾಗೆ ಕನ್ನಡಕ ಹುಡುಕೋ ಹಾಗೆ ಮಾಡಿದೆ. ಅದರಲ್ಲಿ ಒಬ್ಬ ಚಿಕ್ಕ ವಯಸ್ಸಿನವನು, ನಮ್ಮ ಹುಡುಗನಷ್ಟೇ ಇರಬೇಕು. ಹುಡುಕಬೇಡಿ ಅಮ್ಮ, ನಿಮಗೆ ಅಕ್ಷರ ಬರಲ್ಲ ಅಲ್ವಾ ಅಂದ. ಅಂದು ಇಂಕಿನ ಡಬ್ಬಿ ಮುಚ್ಚಳ ತೆಗ್ದು ಹಿಡಿದ. ಜೋರಾಗಿ ಅಂದ, ಕೆಟ್ಟವನೇನಲ್ಲ, ನನಗೆ ಕಿವಿ ಮಂದ ಅಂದ್ಕೊಂಡಿರಬೇಕು. ಬೀದಿಯೆಲ್ಲ ಕೇಳಿಸ್ಕೊಳ್ತು." ಹೆಬ್ಬೆರಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. "ಪಿಲ್‌ಸುನ್‌ಗೆ ನನ್ನ ಅಂಗಡಿ ಗೊತ್ತು, ದೊಕ್‌ಹೀ. ಕಂಬಳಿ ಹಿಂದೆ ಏನಿದೆ ಅಂತಾನೂ ಗೊತ್ತು. ನನಗೆ ಓದೋಕೆ ಬರಲ್ಲ ಅಂತ ಗೊತ್ತಿಲ್ಲ."

ಹೊರಗೆ ಕಾರ್ಖಾನೆಯಲ್ಲಿ ಮಂಜಿನ ಗಡ್ಡೆಯನ್ನು ಗರಗಸದಿಂದ ಕೊಯ್ಯುತ್ತಿದ್ದರು, ಆ ಸದ್ದು ಏರಿ ನಿಂತಿತು. ದೊಕ್‌ಹೀಯ ಮುಖ ತಾನಾಗಿ ಒಂದು ಕಡೆಗೆ ತಿರುಗಿತು, ಖಾಲಿ ಹಲಗೆಗಳ ಕಡೆಗೆ. ಯಾರೂ ಕೈ ಎತ್ತಿರಲಿಲ್ಲ. ಚಿಕ್ಕಮ್ಮ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಬೆಂಚಿನ ಮೇಲೆ ಕೂತಳು, ಮೊಣಕಾಲು ಒತ್ತಿಕೊಂಡಳು. ಅತ್ತಿರಲಿಲ್ಲ, ಅಳುವ ಹಾಗೂ ಕಾಣಲಿಲ್ಲ, ದಣಿದಿದ್ದಳು ಅಷ್ಟೆ.

"ಮಗನಿಗೆ ಯಾರಾದ್ರೂ ಈ ಸುದ್ದಿ ಬರೀತಾರೆ ಇನ್ನು," ಎಂದಳು. "ಇಷ್ಟು ದಿನ ಬಂದ ಕಾಗದ ಯಾರು ಬರೆದಿದ್ದು ಅಂತ ಕೇಳ್ತಾನೆ."

"ನಾನು ಬೇಕೂಂತ ಮಾಡ್ಲಿಲ್ಲ ಚಿಕ್ಕಮ್ಮ. ಹದಿನೈದು ಹಾಳೆ ಬರೀಬೇಕಿತ್ತು. ಯಾರೂ ಓದಲ್ಲ ಅಂದಿದ್ರು." ಚೀಲದ ಗುಂಡಿ ಬಿಚ್ಚಿದಳು. ಲಕೋಟೆ ತೆಗೆದಳು, ಹಾಳೆಗಳನ್ನು ಎಳೆದಳು. ಕೆಂಪು ಗುರುತಿನ ಕೊನೆಯ ಹಾಳೆ ಮೇಲಿತ್ತು. "ಇದರಲ್ಲಿ ನಿಮ್ಮ ಬಗ್ಗೆ ಕೆಟ್ಟದ್ದು ಒಂದು ಮಾತೂ ಇಲ್ಲ. ನೀವು ಆ ಚಿತ್ರ ನೋಡಿ ಹೇಳಿದ್ದು ಇದೆ. ನೀವು ಹೇಗೆ ನೋಡ್ತೀರಿ ಅಂತ ಇದೆ. ಕೇಳಿದ್ರೆ ನಿಮಗೆ ಗೊತ್ತಾಗುತ್ತೆ. ಎಲ್ಲ ಬೇಡ, ಒಂದೇ ಒಂದು ಹಾಳೆ. ನಾನು ಓದ್ತೀನಿ."

ಚಿಕ್ಕಮ್ಮ ಹಾಳೆಗಳನ್ನು ನೋಡಿದಳು. ಅವಳ ಕಣ್ಣು ಪುಟದ ಮೇಲಿನಿಂದ ಕೆಳಗೆ, ಚೌಕದಿಂದ ಚೌಕಕ್ಕೆ ನಿಧಾನವಾಗಿ ಇಳಿದುಬಂತು, ಚಿತ್ರವೇನಾದರೂ ಇದೆಯೇ ಎಂದು ಹುಡುಕುವವಳ ಹಾಗೆ. ಆಮೇಲೆ ತಲೆಯೆತ್ತಿದಳು.

"ಬೇಡ," ಎಂದಳು.